ಚಾರ್ಲಿ ವಾಟ್ಸ್ ಥರ ಡ್ರಮ್ಸ್ ಬಾರಿಸೋದು ಹೇಗೆ? ಕೈ ಎತ್ತೋದರಿಂದ ಶುರು ಮಾಡಬೇಡಿ

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಯಾವುದಾದರೂ ಹಳೇ ಶೋ ವಿಡಿಯೋ ಹಾಕಿಕೊಳ್ಳಿ. 1970ರ ದಶಕದಿಂದ ಈಚೆಗಿನದ್ದಾದರೆ ಒಳ್ಳೆಯದು. ಮುಂದೆ ಹಾಡುಗಾರ ಮಿಕ್ ಜ್ಯಾಗರ್ ಕುಣಿಯುತ್ತಿರುತ್ತಾನೆ, ಪಕ್ಕದಲ್ಲಿ ಕೀತ್ ರಿಚರ್ಡ್ಸ್ ಗಿಟಾರ್ ತೂಗುಹಾಕಿಕೊಂಡು ಓಡಾಡುತ್ತಿರುತ್ತಾನೆ. ಇಬ್ಬರನ್ನೂ ಬಿಟ್ಟು, ಹಿಂದೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತಿರುವ ಡ್ರಮ್ಮರ್ ಚಾರ್ಲಿ ವಾಟ್ಸ್‌ನ ಬಲಗೈ ನೋಡಿ. ಎಡಗೈ ಸ್ನೇರ್ (ಎದುರಿಗಿರುವ, ಚಟ್ ಅನ್ನೋ ಸದ್ದಿನ ಡ್ರಮ್) ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ಆ ಬಲಗೈ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಲೋಹದ ತಟ್ಟೆ) ಬಿಟ್ಟು ಮೇಲೆದ್ದಿರುತ್ತದೆ. ಆಮೇಲೆ ಏನೂ ಆಗದವರ ಹಾಗೆ ವಾಪಸ್ ಬರುತ್ತದೆ.

ಚಾರ್ಲಿ ವಾಟ್ಸ್ ಥರ ಬಾರಿಸಬೇಕು ಅಂದವರಿಗೆ ಎಲ್ಲರೂ ಹೇಳಿಕೊಡುವುದು ಈ ಒಂದು ಚಮತ್ಕಾರವನ್ನೇ. ತಪ್ಪೇನಿಲ್ಲ, ಅದನ್ನೂ ಹೇಳುತ್ತೇನೆ. ಆದರೆ ಅದೊಂದನ್ನೇ ಕಲಿತವರು ಬಾರಿಸಿದರೆ ಕೈ ಎತ್ತುವ ಮಾಮೂಲಿ ರಾಕ್ ಡ್ರಮ್ಮರ್ ಥರ ಕೇಳಿಸುತ್ತದೆ, ಅಷ್ಟೇ. ಚಾರ್ಲಿ ರಾಕ್ ಬ್ಯಾಂಡಿಗೆ ಬಂದು ಸೇರಿದ ಜಾಝ್ ಹುಡುಗ. ಕೊನೆತನಕ ಹಾಗೇ ಇದ್ದ. ಅವನು ಯಾವ ದಾರಿಯಲ್ಲಿ ಬಂದನೋ ಆ ದಾರಿಯಲ್ಲೇ ನೀವೂ ಬಂದರೆ ಕೈ ತಾನಾಗಿ ದಾರಿಗೆ ಬರುತ್ತದೆ. ಹಾಗಾಗಿ ಅವನ ಬದುಕಿನ ಕ್ರಮದಲ್ಲೇ ಹೋಗೋಣ.

ಬ್ರಷ್‌ನಿಂದ ಶುರು ಮಾಡಿ

ಚಾರ್ಲಿ ಹುಟ್ಟಿದ್ದು 1941ರ ಜೂನ್ 2ರಂದು, ಲಂಡನ್ನಿನಲ್ಲಿ. ಅಪ್ಪ ರೈಲ್ವೆ ಕಂಪನಿಯಲ್ಲಿ ಲಾರಿ ಡ್ರೈವರ್. ಬೆಳೆದದ್ದು ವೆಂಬ್ಲಿ ಕಡೆ, ಯುದ್ಧ ಮುಗಿದ ಮೇಲೆ ಮನೆ ಇಲ್ಲದವರಿಗೆ ಅಂತ ಬೇಗ ಬೇಗ ಜೋಡಿಸಿ ನಿಲ್ಲಿಸಿದ ಪುಟ್ಟ ಮನೆಗಳ ಸಾಲಿನಲ್ಲಿ. ಪಕ್ಕದ ಮನೆಯ ಹುಡುಗ ಡೇವ್ ಗ್ರೀನ್. ಇಬ್ಬರೂ ಕೂತು ಜಾಝ್ ರೆಕಾರ್ಡ್ ಕೇಳುತ್ತಿದ್ದರು. ಈ ಡೇವ್ ಗ್ರೀನ್ ಮುಂದೆ ಇಂಗ್ಲೆಂಡಿನ ದೊಡ್ಡ ಜಾಝ್ ಬಾಸ್ ವಾದಕ ಆದ. ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಚಾರ್ಲಿಗೆ ಮೊದಲು ಸಿಕ್ಕಿದ್ದು ಬ್ಯಾಂಜೋ. ಬೆರಳಿಡುವ ತಾಪತ್ರಯ ಅವನಿಗೆ ಒಗ್ಗಲಿಲ್ಲ. ಆ ಹೊತ್ತಿಗೆ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜೆರ್ರಿ ಮಲ್ಲಿಗನ್‌ನ 'ವಾಕಿಂಗ್ ಶೂಸ್' ಕೇಳಿದ. ಅದರಲ್ಲಿ ಡ್ರಮ್ಮರ್ ಚಿಕೋ ಹ್ಯಾಮಿಲ್ಟನ್ ಕೋಲಿನ ಬದಲು ಬ್ರಷ್‌ನಲ್ಲಿ (ತೆಳ್ಳನೆಯ ತಂತಿಗಳ ಕುಂಚ) ಬಾರಿಸಿದ್ದಾನೆ. ಕೇಳಿದ್ದೇ ತಡ, ಹುಡುಗ ಬ್ಯಾಂಜೋದ ಕತ್ತು ಬಿಚ್ಚಿ ಎಸೆದು, ಉಳಿದ ಚರ್ಮದ ಭಾಗವನ್ನೇ ಸ್ನೇರ್ ಮಾಡಿಕೊಂಡು ಬ್ರಷ್ ಹಿಡಿದು ಕೂತ. 1955ರಲ್ಲಿ ಅಪ್ಪ ಅಮ್ಮ ಒಂದು ಡ್ರಮ್ ಕಿಟ್ ಕೊಡಿಸಿದರು.

ನಿಮ್ಮ ಮೊದಲ ಪಾಠವೂ ಇದೇ. ಆ ಹಾಡು ಹುಡುಕಿ ಕೇಳಿ. 1952ರ ರೆಕಾರ್ಡಿಂಗ್, ಬ್ಯಾಂಡಿನಲ್ಲಿ ಪಿಯಾನೋ ಇಲ್ಲ, ಹಾಗಾಗಿ ಡ್ರಮ್ಸ್ ಮಾಡುವುದೆಲ್ಲ ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ಒಂದು ಜೊತೆ ಬ್ರಷ್ ತಗೊಳ್ಳಿ. ಎಡಗೈ ಸ್ನೇರ್ ಮೇಲೆ ನಿಧಾನಕ್ಕೆ ಸುತ್ತು ಹಾಕುತ್ತಾ ಇರಬೇಕು, ಆ ಸುಯ್ ಅನ್ನೋ ಸದ್ದು ನಡುವೆ ಕಡಿಯಬಾರದು. ಬಲಗೈ ಅದರ ಮೇಲೆ ತಟ್ಟುತ್ತಾ ತಾಳ ಹಿಡಿಯಬೇಕು. ಸ್ನೇರ್ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆ ಸಾಕು. ಬ್ರಷ್ ಹಿಡಿದಾಗ ಜೋರಾಗಿ ಹೊಡೆಯೋಕೆ ಆಗುವುದೇ ಇಲ್ಲ, ಲಾಭ ಇರುವುದೇ ಅಲ್ಲಿ. ಜೋರಿಲ್ಲದೆ ತಾಳ ನಡೆಸುವುದು ಗೊತ್ತಾಗುವ ತನಕ ಕೋಲು ಮುಟ್ಟಬೇಡಿ. ಬೇಜಾರಾಗುತ್ತದೆ, ಆದರೂ.

ಎಡಗೈ ಹಿಡಿತ

ಇವತ್ತಿನ ರಾಕ್ ಡ್ರಮ್ಮರ್‌ಗಳು ಜಾಸ್ತಿ ಎರಡೂ ಕೈಯಲ್ಲಿ ಕೋಲನ್ನು ಒಂದೇ ರೀತಿ ಹಿಡಿಯುತ್ತಾರೆ. ಚಾರ್ಲಿ ಹಾಗಲ್ಲ. ಅವನದು ಟ್ರೆಡಿಷನಲ್ ಗ್ರಿಪ್: ಎಡ ಅಂಗೈ ಮೇಲ್ಮುಖ, ಕೋಲು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಯಲ್ಲಿ ಕೂತು, ಮಧ್ಯದ ಬೆರಳಿನ ಕೆಳಗೂ ಉಂಗುರ ಬೆರಳಿನ ಮೇಲೂ ಹಾದು ಹೋಗುತ್ತದೆ. ಸೈನ್ಯದ ಬ್ಯಾಂಡಿನವರು ಡ್ರಮ್ ಅನ್ನು ಸೊಂಟದ ಪಕ್ಕಕ್ಕೆ ವಾಲಿಸಿ ಕಟ್ಟಿಕೊಂಡು ನಡೆಯುತ್ತಿದ್ದರಲ್ಲ, ಅವರ ಹಿಡಿತ ಇದು. ಅಲ್ಲಿಂದ ಜಾಝ್‌ಗೆ ಬಂತು. ಡ್ರಮ್ ನೆಟ್ಟಗಾದರೂ ಹಿಡಿತ ಉಳಿಯಿತು.

ಇದರಲ್ಲಿ ಏಟು ಬರುವುದು ಮುಂಗೈ ತಿರುವಿನಿಂದ, ಬಾಗಿಲ ಹಿಡಿ ತಿರುಗಿಸಿದ ಹಾಗೆ. ತೋಳಿನ ಭಾರ ಹಾಕೋಕೆ ಬರುವುದಿಲ್ಲ. ಎಪ್ಪತ್ತು ಸಾವಿರ ಜನ ಸೇರಿರುವ ಸ್ಟೇಡಿಯಂನಲ್ಲೂ ಅವನು ಹೀಗೇ ಬಾರಿಸಿದ, ಸದ್ದು ದೊಡ್ಡದು ಮಾಡುವುದು ಮೈಕಿನ ಕೆಲಸ ಅಂತ ಬಿಟ್ಟುಬಿಟ್ಟ. ಈ ಹಿಡಿತ ಕಲಿಯಲೇಬೇಕಾ ಅಂದರೆ, ಇಲ್ಲ. ಹಿಡಿತ ಬದಲಿಸಿದ ಕೂಡಲೇ ಯಾರೂ ಚಾರ್ಲಿ ಆಗುವುದಿಲ್ಲ. ಆದರೆ ಸ್ವಲ್ಪ ದಿನ ಹೀಗೆ ಬಾರಿಸಿ ನೋಡಿದರೆ ಸ್ನೇರ್ ಏಟಿಗೆ ಎಷ್ಟು ಕಮ್ಮಿ ಬಲ ಸಾಕು ಅನ್ನೋದು ಕೈಗೇ ತಿಳಿಯುತ್ತದೆ. ಹೆಬ್ಬೆರಳ ಸಂದಿ ನೋಯುತ್ತಿದ್ದರೆ ಬಿಗಿಯಾಗಿ ಹಿಡಿದಿದ್ದೀರಿ ಅಂತ ಅರ್ಥ, ಸಡಿಲ ಬಿಡಿ.

ಸ್ವಿಂಗ್ ಬರದೆ ಮುಂದೆ ಹೋಗಬೇಡಿ

ಹ್ಯಾರೋದ ಆರ್ಟ್ ಸ್ಕೂಲಿನಲ್ಲಿ ಓದಿ ಚಾರ್ಲಿ ಜಾಹೀರಾತು ಕಂಪನಿಯಲ್ಲಿ ಡಿಸೈನರ್ ಕೆಲಸಕ್ಕೆ ಸೇರಿದ. ಸಂಜೆ ಸಿಕ್ಕ ಕಡೆ ಜಾಝ್ ಬಾರಿಸುತ್ತಿದ್ದ. 'ಬರ್ಡ್' ಅಂತ ಅಡ್ಡಹೆಸರಿದ್ದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಬಗ್ಗೆ ಚಿತ್ರ ಬರೆದು ಒಂದು ಪುಟ್ಟ ಪುಸ್ತಕವನ್ನೂ ಮಾಡಿದ, ಪಾರ್ಕರ್ ಅಲ್ಲಿ ಒಂದು ಹಕ್ಕಿ. 1962ರಲ್ಲಿ ಅಲೆಕ್ಸಿಸ್ ಕಾರ್ನರ್‌ನ ಬ್ಯಾಂಡ್ ಬ್ಲೂಸ್ ಇನ್‌ಕಾರ್ಪೊರೇಟೆಡ್ ಸೇರಿದ. ರಿದಮ್ ಅಂಡ್ ಬ್ಲೂಸ್ ಅಂದರೆ ಚಾರ್ಲಿ ಪಾರ್ಕರ್‌ನನ್ನು ನಿಧಾನಕ್ಕೆ ನುಡಿಸುವುದು ಅಂದುಕೊಂಡಿದ್ದೆ ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಅವನು ಬಿಟ್ಟ ಜಾಗಕ್ಕೆ ಬಂದವನು ಜಿಂಜರ್ ಬೇಕರ್. ಇಬ್ಬರೂ ಲಂಡನ್ ಜಾಝ್‌ನಿಂದ ಬಂದವರು. ಒಬ್ಬ ಉದ್ದುದ್ದ ಸೋಲೋಗಳಿಗೆ ಹೆಸರಾದ, ಇನ್ನೊಬ್ಬನಿಗೆ ಸೋಲೋ ಅಂದರೇ ಆಗುತ್ತಿರಲಿಲ್ಲ. ನಿಮಗೆ ಬೇಕರ್ ಬೇಕಿದ್ದರೆ ಇಲ್ಲಿ ಬರೆದಿರುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

1963ರ ಜನವರಿಯಲ್ಲಿ ಚಾರ್ಲಿ ಸ್ಟೋನ್ಸ್ ಸೇರಿದ. ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಬ್ರಯನ್ ಜೋನ್ಸ್ ಮತ್ತು ಕೀತ್ ಇಬ್ಬರೂ ಅವನನ್ನು ಕೂರಿಸಿಕೊಂಡು ಅಮೆರಿಕದ ಬ್ಲೂಸ್ ಹಾಡುಗಾರ ಜಿಮ್ಮಿ ರೀಡ್‌ನ ರೆಕಾರ್ಡ್ ಕೇಳಿಸಿದರು. ರೀಡ್‌ನ ರೆಕಾರ್ಡುಗಳಲ್ಲಿ ಅರ್ಲ್ ಫಿಲಿಪ್ಸ್ ಬಾರಿಸುವುದು ಕೇಳಿದರೆ ಚಾರ್ಲಿಗೆ ಏನು ಹಿಡಿಸಿತು ಅನ್ನೋದು ಗೊತ್ತಾಗುತ್ತದೆ: ಸರಳ ಬ್ಲೂಸ್, ಆದರೆ ಜಾಝ್ ಡ್ರಮ್ಮರ್‌ನ ಹಗುರ ಕೈ. ನೀವೂ ಕೇಳಿ.

ಅಭ್ಯಾಸಕ್ಕೆ ಬರೋಣ. ರೈಡ್ ಸಿಂಬಲ್ (ಬಲಗಡೆಯ ದೊಡ್ಡ ಲೋಹದ ತಟ್ಟೆ) ಮೇಲೆ ಸ್ವಿಂಗ್, ಅಂದರೆ ಜಾಝ್‌ನ ಹಳೇ ನಡೆ: ಡಿಂಗ್, ಡಿಂಗ್-ಟ-ಡಿಂಗ್, ಡಿಂಗ್-ಟ-ಡಿಂಗ್. ನಾಲ್ಕರ ಎಣಿಕೆಯಲ್ಲಿ ಎಡಗಾಲು ಎರಡಕ್ಕೂ ನಾಲ್ಕಕ್ಕೂ ಹೈ-ಹ್ಯಾಟ್ ಮುಚ್ಚಬೇಕು. ಇಲ್ಲಿ ಒಂದು ತಾಳದ ಒಳಗೆ ಎರಡು ಸಮ ಭಾಗ ಇರುವುದಿಲ್ಲ. ಮೂರು ಭಾಗ ಮಾಡಿ, ನಡುವಿನದ್ದನ್ನು ಬಿಟ್ಟು, ಮೊದಲನೆಯದನ್ನೂ ಮೂರನೆಯದನ್ನೂ ಬಾರಿಸುತ್ತೀರಿ. ರಾಕ್‌ನಲ್ಲಿ ಸಮ ಎರಡು ಭಾಗ. ಚಾರ್ಲಿ ಇರುವುದು ಇವೆರಡರ ನಡುವೆ ಎಲ್ಲೋ. ಹಾಡಿನಿಂದ ಹಾಡಿಗೆ ಅದು ಸರಿಯುತ್ತದೆ, ಕೆಲವೊಮ್ಮೆ ಒಂದೇ ಹಾಡಿನ ಒಳಗೂ ಸರಿಯುತ್ತದೆ. ಕಾಗದದ ಮೇಲೆ ಬರೆದು ತೋರಿಸೋಕೆ ಆಗದ ವಿಷಯ ಇದು, ಆದ್ದರಿಂದ ನೊಟೇಷನ್ ನೋಡಿ ಕಲಿತವರಿಗೆ ಅವನ ಬೀಟ್ ಬರುತ್ತದೆ, ಅವನ ನಡೆ ಬರುವುದಿಲ್ಲ.

ಹೀಗೆ ಮಾಡಿ. ನಾಲ್ಕು ಬಾರ್ (ಒಂದು ಬಾರ್ ಅಂದರೆ ನಾಲ್ಕರ ಒಂದು ಸುತ್ತು ಎಣಿಕೆ) ಸ್ವಿಂಗ್, ನಿಲ್ಲಿಸದೆ ನಾಲ್ಕು ಬಾರ್ ಮಾಮೂಲಿ ರಾಕ್ ಬೀಟ್, ಮತ್ತೆ ಸ್ವಿಂಗ್. ವೇಗ ಒಂದೇ ಇರಲಿ. ಕೆಲವು ನಿಮಿಷ ಹೀಗೆ ಓಡಾಡಿದ ಮೇಲೆ ರಾಕ್ ಬೀಟ್‌ನ ಒಳಗೆ ಸ್ವಿಂಗ್ ಸ್ವಲ್ಪ ಸೋರಿಕೊಂಡು ಬರುತ್ತದೆ. ಅದನ್ನು ತಡೆಯಬೇಡಿ.

ಈಗ ಕೈ ಎತ್ತಿ

ಮಾಮೂಲಿ ರಾಕ್ ಬೀಟ್ ಎಲ್ಲರಿಗೂ ಗೊತ್ತು. ಬಲಗೈ ಹೈ-ಹ್ಯಾಟ್ ಮೇಲೆ ಎಂಟು ಏಟು, ಬಲಗಾಲು ಒಂದಕ್ಕೂ ಮೂರಕ್ಕೂ ಬಾಸ್ ಡ್ರಮ್, ಎಡಗೈ ಎರಡಕ್ಕೂ ನಾಲ್ಕಕ್ಕೂ ಸ್ನೇರ್. ಎಣಿಕೆ ಹೀಗೆ: ಒಂದು-ಟ-ಎರಡು-ಟ-ಮೂರು-ಟ-ನಾಲ್ಕು-ಟ. ಚಾರ್ಲಿ ಹೈ-ಹ್ಯಾಟ್‌ನ ಎಂಟರಲ್ಲಿ ಎರಡನ್ನು ತೆಗೆದ. 'ಎರಡು' ಮತ್ತು 'ನಾಲ್ಕು' ಬಂದಾಗ ಬಲಗೈ ಖಾಲಿ. ಉಳಿದದ್ದು ಆರು.

ಇದರಿಂದ ಏನಾಗುತ್ತದೆ? ಹೈ-ಹ್ಯಾಟ್ ಮತ್ತು ಸ್ನೇರ್ ಒಟ್ಟಿಗೆ ಬಿದ್ದರೆ ಲೋಹದ ಚಿಸ್ ಸದ್ದು ಸ್ನೇರ್‌ನ ಮೊದಲ ಏಟಿನ ಮೇಲೆ ಕೂತುಬಿಡುತ್ತದೆ. ಅದನ್ನು ತೆಗೆದರೆ ಸ್ನೇರ್ ಒಂಟಿಯಾಗಿ, ಸುತ್ತ ಜಾಗ ಇಟ್ಟುಕೊಂಡು ಕೇಳುತ್ತದೆ. ಜೋರಾಗಿ ಹೊಡೆಯದೆಯೂ ಜೋರಾಗಿ ಕೇಳುತ್ತದೆ. ಇನ್ನೊಂದು ಏನೆಂದರೆ ಬಲಗೈಗೆ ಪ್ರತಿ ಬಾರ್‌ನಲ್ಲಿ ಎರಡು ಸಲ ಉಸಿರಾಡೋಕೆ ಹೊತ್ತು ಸಿಗುತ್ತದೆ, ಆಮೇಲೆ ಬರುವ 'ಟ' ಹೊಸ ಹುರುಪಿನಿಂದ ಬೀಳುತ್ತದೆ. ಹಾಡು ಸ್ವಲ್ಪ ತೂಗಾಡುವುದು ಅಲ್ಲಿಂದಲೇ.

ಮೆಟ್ರೋನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನೋ ಯಂತ್ರ) ನಿಮಿಷಕ್ಕೆ 70 ತಾಳಕ್ಕೆ ಇಟ್ಟು ಶುರು ಮಾಡಿ. ಬಾಯಲ್ಲಿ ಎಂಟನ್ನೂ ಹೇಳಿ, ಕೈಯಲ್ಲಿ ಆರನ್ನೇ ಬಾರಿಸಿ. ಮೊದಲು ಎಲ್ಲರಿಗೂ ಆಗುವ ತೊಂದರೆ ಅಂದರೆ ಕೈ ಎತ್ತಿದ ಮೇಲಿನ 'ಟ' ಅವಸರದಲ್ಲಿ ಮುಂಚೆ ಬಿದ್ದುಬಿಡುವುದು. ಖಾಲಿ ಜಾಗ ಕಂಡರೆ ಕೈಗೆ ಭಯ. ಬಾಯಿ ಎಣಿಕೆ ನಿಲ್ಲಿಸದಿದ್ದರೆ ಇದು ಸರಿಹೋಗುತ್ತದೆ. ಇನ್ನೊಂದು ತೊಂದರೆ ಶೋಕಿ: ಕೈಯನ್ನು ಭುಜದ ಎತ್ತರಕ್ಕೆ ಎತ್ತುವುದು. ಬೇಡ. ಸಿಂಬಲ್‌ನಿಂದ ಬಿಡಿಸಿಕೊಂಡರೆ ಸಾಕು. ಫೋನಿನಲ್ಲಿ ರೆಕಾರ್ಡ್ ಮಾಡಿ, ವಿಡಿಯೋ ನೋಡದೆ ಸುಮ್ನೆ ಕೇಳಿ. ಕಣ್ಣಿಗೆ ಕಾಣದೆಯೂ ವ್ಯತ್ಯಾಸ ಕೇಳುತ್ತಿದ್ದರೆ ಬಂದಿದೆ ಅಂತ ಲೆಕ್ಕ. ಆಮೇಲೆ ವೇಗ ಏರಿಸಿ, 100 ದಾಟಿದ ಮೇಲೆ ಮೆಟ್ರೋನೋಮ್ ನಿಲ್ಲಿಸಿಬಿಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಗಿಟಾರಿನ ಹಿಂದೆ ಹೋಗಿ

ಬಹಳ ಬ್ಯಾಂಡುಗಳಲ್ಲಿ ಡ್ರಮ್ಮರ್ ತಾಳ ಹಾಕುತ್ತಾನೆ, ಬಾಸ್ ಗಿಟಾರ್ ಅವನ ಜೊತೆ ಅಂಟಿಕೊಳ್ಳುತ್ತದೆ, ಉಳಿದವರು ಆ ಇಬ್ಬರ ಮೇಲೆ ನಿಲ್ಲುತ್ತಾರೆ. ಸ್ಟೋನ್ಸ್ ಕಥೆ ತಿರುವುಮುರುವು. ಮೊದಲು ಹೊರಡುವುದು ಕೀತ್‌ನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಚಾರ್ಲಿ ಅವನನ್ನು ಕೇಳಿಕೊಂಡು ಅವನ ಹಿಂದೆ ಹೋಗುತ್ತಾನೆ, ಕೂದಲೆಳೆಯಷ್ಟು ತಡವಾಗಿ. ಬಾಸ್ ಬಾರಿಸುತ್ತಿದ್ದ ಬಿಲ್ ವೈಮನ್ ತಮ್ಮ ಬ್ಯಾಂಡಿನ ಸದ್ದಿಗೆ ಕಾರಣ ಇದೇ ಅಂತ ಹೇಳುತ್ತಿದ್ದ. ಯಾರೂ ಪಕ್ಕಾ ಒಂದೇ ಕ್ಷಣದಲ್ಲಿ ಇಳಿಯುವುದಿಲ್ಲ, ಆದರೂ ಬಿದ್ದುಹೋಗುವುದಿಲ್ಲ. ಇನ್ನೇನು ಕಳಚಿಕೊಂಡಿತು ಅನ್ನಿಸುವ ಆ ಅಲುಗಾಟವೇ ಅವರ ಗುರುತು.

'ಹಾಂಕಿ ಟಾಂಕ್ ವಿಮೆನ್' ಇದಕ್ಕೆ ಒಳ್ಳೇ ಪಾಠ. 1969ರದ್ದು. ಮೊದಲು ಕೌಬೆಲ್, ಅದನ್ನು ಬಡಿದವನು ನಿರ್ಮಾಪಕ ಜಿಮ್ಮಿ ಮಿಲ್ಲರ್. ಆಮೇಲೆ ಚಾರ್ಲಿ, ಆಮೇಲೆ ಗಿಟಾರ್. ಹಾಡು ಶುರುವಾದ ವೇಗಕ್ಕೂ ಮುಗಿಯುವ ವೇಗಕ್ಕೂ ಬಹಳ ವ್ಯತ್ಯಾಸ ಇದೆ, ಕೊನೆಗೆ ಹೋಗಿ ಕೂಡಲೇ ಮೊದಲಿಗೆ ವಾಪಸ್ ಬಂದು ನೋಡಿ, ದಂಗಾಗುತ್ತೀರಿ. ಕೇಳುವಾಗ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಎಲ್ಲರೂ ಒಟ್ಟಿಗೆ ಏರುತ್ತಾರೆ. ಮೆಟ್ರೋನೋಮ್ ಕ್ಲಿಕ್ ಇಟ್ಟು ರೆಕಾರ್ಡ್ ಮಾಡಿದ್ದರೆ ಈ ಹಾಡು ಸತ್ತೇ ಹೋಗುತ್ತಿತ್ತು ಅಂತ ನನ್ನ ಖಚಿತ ಅಭಿಪ್ರಾಯ.

ಗಿಟಾರ್ ಬರುವ ಸ್ನೇಹಿತರು ಯಾರಾದರೂ ಇದ್ದರೆ ಕರೆದು ಕೂರಿಸಿ. ಒಂದೇ ರಿಫ್ ಅವರು ಸುತ್ತಿ ಸುತ್ತಿ ನುಡಿಸಲಿ. ನೀವು ಎಣಿಸಿ ಶುರು ಮಾಡಬೇಡಿ, ಅವರು ಹೊರಟ ಮೇಲೆ ಸೇರಿಕೊಳ್ಳಿ. ಅವರು ಎಳೆದರೆ ನೀವೂ ಎಳೆಯಿರಿ, ಓಡಿದರೆ ಓಡಿ. ಫಿಲ್ (ಬೀಟ್ ನಡುವೆ ತುಂಬುವ ಅಲಂಕಾರದ ಏಟುಗಳು) ಹಾಕಬೇಡಿ. ಹಾಡಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ತಡೆಯಲಾರದಷ್ಟು ಆಸೆ ಆದರೆ ಒಂದು ಪುಟ್ಟದು, ಅಷ್ಟೇ. ಡ್ರಮ್ಮರ್‌ಗಳಿಗೆ ಇದು ಅವಮಾನ ಅನ್ನಿಸಬಹುದು, ಆದರೆ ಚಾರ್ಲಿ ಸುಮಾರು ಅರವತ್ತು ವರ್ಷ ಮಾಡಿದ್ದು ಇದನ್ನೇ.

ಯಾವ ಹಾಡಿನಲ್ಲಿ ಏನು ಕೇಳಬೇಕು

'ಸ್ಯಾಟಿಸ್ಫ್ಯಾಕ್ಷನ್' (1965) ಎಲ್ಲರೂ ಕೇಳಿರುವ ಹಾಡು. ಗಿಟಾರ್ ಬಿಟ್ಟು ಸ್ನೇರ್ ಹಿಡಿಯಿರಿ. ಎರಡು, ನಾಲ್ಕು ಮಾತ್ರ ಅಲ್ಲ, ನಾಲ್ಕೂ ತಾಳಕ್ಕೆ ಬೀಳುತ್ತದೆ. ಅದೇ ವರ್ಷದ 'ಗೆಟ್ ಆಫ್ ಆಫ್ ಮೈ ಕ್ಲೌಡ್' ಡ್ರಮ್ಸ್‌ನಿಂದಲೇ ಶುರು, ಅದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಗಿಟಾರ್ ರಿಫ್ ಇದ್ದ ಹಾಗೆ ಡ್ರಮ್ಸ್‌ನ ರಿಫ್.

'ಸಿಂಪಥಿ ಫಾರ್ ದ ಡೆವಿಲ್' (1968) ಮೇಲೆ ಜಾಸ್ತಿ ಹೊತ್ತು ಕಳೆಯಿರಿ. ಬ್ರೆಜಿಲ್‌ನ ಸಾಂಬಾ ನಡೆ. ಇಲ್ಲಿ ಬ್ಯಾಕ್‌ಬೀಟ್ (ಎರಡಕ್ಕೂ ನಾಲ್ಕಕ್ಕೂ ಬೀಳುವ ಸ್ನೇರ್ ಏಟು) ಹುಡುಕಿದರೆ ಸಿಗುವುದಿಲ್ಲ. ಜಾಝ್ ಡ್ರಮ್ಮರ್‌ಗಳು ಲ್ಯಾಟಿನ್ ಹಾಡಿಗೆ ಬಾರಿಸುವ ರೀತಿಯನ್ನು ಚಾರ್ಲಿ ರಾಕ್ ಹಾಡಿನೊಳಗೆ ತಂದಿಟ್ಟಿದ್ದಾನೆ. 1971ರ 'ಕಾಂಟ್ ಯೂ ಹಿಯರ್ ಮೀ ನಾಕಿಂಗ್' ಅರ್ಧದ ತನಕ ರಾಕ್, ಆಮೇಲೆ ಬಾಬಿ ಕೀಸ್‌ನ ಸ್ಯಾಕ್ಸೋಫೋನ್ ಬರುತ್ತಿದ್ದ ಹಾಗೆ ಇಡೀ ಹಾಡು ಬೇರೆ ಕಡೆ ತಿರುಗಿಬಿಡುತ್ತದೆ. ಡ್ರಮ್ಸ್ ಎಲ್ಲಿ ಹಗುರ ಆಯಿತು ಅಂತ ಗುರುತಿಸಿ.

'ಸ್ಟಾರ್ಟ್ ಮೀ ಅಪ್' (1981) ಒಂದು ತಮಾಷೆ. ಗಿಟಾರ್ ಶುರುವಾದಾಗ ಕಾಲು ಕುಟ್ಟಲು ಶುರು ಮಾಡಿ. ಡ್ರಮ್ಸ್ ಬಂದಾಗ ನಿಮ್ಮ ಕಾಲು ತಪ್ಪಾಗಿರುವ ಸಂಭವ ಜಾಸ್ತಿ. ಎಣಿಕೆಯ 'ಒಂದು' ಎಲ್ಲಿದೆ ಅಂತ ಪತ್ತೆಯಾಗುವ ತನಕ ಕೇಳುತ್ತಿರಿ. ಅದೇ ಆಲ್ಬಮ್ಮಿನ 'ವೇಟಿಂಗ್ ಆನ್ ಎ ಫ್ರೆಂಡ್'ನಲ್ಲಿ ಸ್ಯಾಕ್ಸೋಫೋನ್ ನುಡಿಸಿರುವವನು ಸಾನಿ ರಾಲಿನ್ಸ್! ಜಾಝ್ ಲೋಕದ ಅಷ್ಟು ದೊಡ್ಡ ಮನುಷ್ಯನ ಹಿಂದೆ ಚಾರ್ಲಿ ಎಷ್ಟು ಕಮ್ಮಿ ಬಾರಿಸಿದ್ದಾನೆ ನೋಡಿ.

'ಯೂ ಕಾಂಟ್ ಆಲ್ವೇಸ್ ಗೆಟ್ ವಾಟ್ ಯೂ ವಾಂಟ್' ಪಟ್ಟಿಗೆ ಸೇರಿಸಿಕೊಳ್ಳುವ ಮುನ್ನ ಒಂದು ಮಾತು. ರೆಕಾರ್ಡಿನಲ್ಲಿ ಬಾರಿಸಿರುವವನು ಚಾರ್ಲಿ ಅಲ್ಲ, ಜಿಮ್ಮಿ ಮಿಲ್ಲರ್. ಮಿಲ್ಲರ್ ಕೇಳಿದ ನಡೆ ಆ ದಿನ ಚಾರ್ಲಿ ಕೈಗೆ ಕೂರಲಿಲ್ಲ. ಚಾರ್ಲಿ ಮುನಿಸಿಕೊಂಡು ಹೋಗಲಿಲ್ಲ, ಸ್ಟುಡಿಯೋದಲ್ಲಿ ಬಾರಿಸುವುದನ್ನು ಚೆನ್ನಾಗಿ ಕಲಿತದ್ದೇ ಮಿಲ್ಲರ್‌ನಿಂದ ಅಂತ ಮುಂದೆ ಹೇಳಿದ.

ಕಿಟ್ ಎಷ್ಟು ದೊಡ್ಡದಿರಬೇಕು

ಚಿಕ್ಕದು. ಅವನು ವರ್ಷಾನುಗಟ್ಟಲೆ ಬಾರಿಸಿದ್ದು 1957ರ ಒಂದು ಗ್ರೆಚ್ ಕಂಪನಿಯ ಕಿಟ್: ಬಾಸ್ ಡ್ರಮ್, ಸ್ನೇರ್, ಎರಡು ಟಾಮ್ (ದಪ್ಪ ಸದ್ದಿನ ಡ್ರಮ್), ಮುಗಿಯಿತು. ಅಷ್ಟು ದುಡ್ಡಿದ್ದರೂ ಅದಕ್ಕೆ ಹೆಚ್ಚು ಸೇರಿಸಲಿಲ್ಲ. ಹಳೇ ಜಾಝ್ ಡ್ರಮ್ಮರ್‌ಗಳ ಕಿಟ್‌ಗಳನ್ನು ಹುಡುಕಿ ಕೊಂಡು ಇಟ್ಟುಕೊಳ್ಳುವ ಹುಚ್ಚು ಮಾತ್ರ ಇತ್ತು. ಕಾರುಗಳ ಹುಚ್ಚೂ ಇತ್ತು, ಆದರೆ ಡ್ರೈವಿಂಗ್ ಬರುತ್ತಿರಲಿಲ್ಲ! ಹೊಸ ಕಿಟ್ ಬೇಕು ಅಂತ ಅನ್ನಿಸಿದಾಗ ನಿಮ್ಮ ಕಿಟ್‌ನಿಂದ ಒಂದು ಟಾಮ್ ತೆಗೆದಿಟ್ಟು ಒಂದು ತಿಂಗಳು ಬಾರಿಸಿ ನೋಡಿ.

ಸ್ಟೋನ್ಸ್ ಆಚೆ

ಇಲ್ಲಿಯ ತನಕ ಮಾಡಿದವರು ಅವನ ಜಾಝ್ ಆಲ್ಬಮ್‌ಗಳಿಗೆ ಬರಬಹುದು. 1980ರ ದಶಕದ ನಡುವೆ ಅವನ ಬದುಕು ಹದಗೆಟ್ಟಿತ್ತು, ಕುಡಿತ, ಡ್ರಗ್ಸ್ ಎರಡೂ. ಜ್ಯಾಗರ್‌ಗೆ ಗುದ್ದಿದ ಕಥೆ ಆ ಕಾಲದ್ದೇ. ಎಲ್ಲರೂ ಅದನ್ನೇ ಹೇಳುತ್ತಾರೆ, ಡ್ರಮ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ, ಬಿಡಿ. ನನಗೆ ಮುಖ್ಯ ಅನ್ನಿಸುವುದು ಅದೇ ವರ್ಷಗಳಲ್ಲಿ ಅವನು ದೊಡ್ಡ ಜಾಝ್ ಆರ್ಕೆಸ್ಟ್ರಾ ಕಟ್ಟಿ ಲಂಡನ್ನಿನ ರಾನೀ ಸ್ಕಾಟ್ಸ್ ಕ್ಲಬ್ಬಿನಲ್ಲಿ ಬಾರಿಸಿದ್ದು. 1990ರ ದಶಕದಲ್ಲಿ ಐದು ಜನರ ಗುಂಪು ಕಟ್ಟಿ ಚಾರ್ಲಿ ಪಾರ್ಕರ್‌ಗೆ ನಮನ ಸಲ್ಲಿಸಿದ, ಬರ್ನಾರ್ಡ್ ಫೌಲರ್ ಕೈಲಿ ಹಳೇ ಹಾಡುಗಳನ್ನು ಹಾಡಿಸಿದ. ಅಲ್ಲಿ ಬಾಸ್ ಯಾರದ್ದು? ಪಕ್ಕದ ಮನೆಯ ಡೇವ್ ಗ್ರೀನ್‌ದು. ಮುಂದೆ ಇಬ್ಬರು ಪಿಯಾನೋ ವಾದಕರ ಜೊತೆ ಕಟ್ಟಿದ ಬೂಗಿ-ವೂಗಿ ಗುಂಪಿನಲ್ಲೂ ಅವನೇ. 2000ದಲ್ಲಿ ಡ್ರಮ್ಮರ್ ಜಿಮ್ ಕೆಲ್ಟ್ನರ್ ಜೊತೆ ಮಾಡಿದ ಆಲ್ಬಮ್ಮಿನಲ್ಲಿ ಹಾಡುಗಳಿಗೆ ಇಟ್ಟಿರುವುದು ಡ್ರಮ್ಮರ್‌ಗಳ ಹೆಸರು: ಕೆನ್ನಿ ಕ್ಲಾರ್ಕ್, ಮ್ಯಾಕ್ಸ್ ರೋಚ್, ರಾಯ್ ಹೇನ್ಸ್, ಟೋನಿ ವಿಲಿಯಮ್ಸ್, ಆರ್ಟ್ ಬ್ಲೇಕಿ. ಅದು ಬಹಳ ವಿಚಿತ್ರ ಆಲ್ಬಮ್, ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಆದರೆ ಆ ಹೆಸರುಗಳ ಪಟ್ಟಿಯನ್ನು ನಿಮ್ಮ ಮುಂದಿನ ಪಾಠಪಟ್ಟಿ ಅಂತ ಇಟ್ಟುಕೊಳ್ಳಬಹುದು. ಬಿಲ್ ವೈಮನ್ ಬಿಟ್ಟ ಮೇಲೆ ಸ್ಟೋನ್ಸ್ ಬಾಸ್‌ಗೆ ಬಂದ ಡ್ಯಾರಿಲ್ ಜೋನ್ಸ್ ಮೊದಲು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬ್ಯಾಂಡಿನಲ್ಲಿದ್ದವನು, ಅವನನ್ನು ಆರಿಸುವಾಗ ಚಾರ್ಲಿಯ ಮಾತೇ ನಡೆಯಿತು. ಆಶ್ಚರ್ಯ ಏನಿಲ್ಲ, ಅಲ್ವಾ?

ಕೊನೆಗೆ ಒಂದು ಪರೀಕ್ಷೆ

ಚಾರ್ಲಿ 2021ರ ಆಗಸ್ಟ್ 24ರಂದು ಲಂಡನ್ನಿನಲ್ಲಿ ತೀರಿಕೊಂಡ, 80 ವರ್ಷ. ಆ ವರ್ಷದ ಪ್ರವಾಸದಿಂದ ಅವನ ಜಾಗದಲ್ಲಿ ಸ್ಟೀವ್ ಜೋರ್ಡನ್ ಬಾರಿಸುತ್ತಿದ್ದಾನೆ. ಜೋರ್ಡನ್ ಸಾಮಾನ್ಯನಲ್ಲ, ಏಟು ಗಟ್ಟಿ, ತಾಳ ಗಟ್ಟಿ. ಒಂದೇ ಹಾಡನ್ನು ಇಬ್ಬರ ಕೈಯಲ್ಲೂ ಕೇಳಿದರೆ ಇಷ್ಟು ಹೊತ್ತು ನಾನು ಬರೆದದ್ದೆಲ್ಲ ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

2023ರಲ್ಲಿ ಬಂದ ಸ್ಟೋನ್ಸ್ ಆಲ್ಬಮ್ 'ಹ್ಯಾಕ್ನಿ ಡೈಮಂಡ್ಸ್'ನಲ್ಲಿ ಎರಡು ಹಾಡುಗಳಲ್ಲಿ ಮಾತ್ರ ಚಾರ್ಲಿ ಇದ್ದಾನೆ, ಮೊದಲೇ ರೆಕಾರ್ಡ್ ಮಾಡಿಟ್ಟಿದ್ದವು. ಯಾವುವು ಅಂತ ನಾನು ಹೇಳುವುದಿಲ್ಲ. ಯಾರು ಯಾವುದರಲ್ಲಿ ಬಾರಿಸಿದ್ದಾರೆ ಅನ್ನೋ ಪಟ್ಟಿ ನೋಡದೆ ಇಡೀ ಆಲ್ಬಮ್ ಕೇಳಿ, ಎರಡನ್ನೂ ಗುರುತು ಹಾಕಿಕೊಂಡು ಆಮೇಲೆ ಪಟ್ಟಿ ತೆಗೆದು ನೋಡಿ. ಒಂದೇ ಒಂದು ಸುಳಿವು ಕೊಡುತ್ತೇನೆ: ಅವುಗಳಲ್ಲಿ ಒಂದಕ್ಕೆ ಬಾಸ್ ನುಡಿಸಲು ಬಿಲ್ ವೈಮನ್ ವಾಪಸ್ ಬಂದಿದ್ದಾನೆ.